ಬೆಂಚ್‌ರೆಸ್ಟ್ ರೈಫಲ್, ಕೈಯಲ್ಲಿ ತುಂಬಿದ ತೋಟಾ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡದ ಗೆಳೆಯರು, ಊರಿಗೆ ಹೋದಾಗ ಸಿಗುವ ಕೊಡಗು-ಮಲೆನಾಡಿನ ಕೋವಿ ಪ್ರಿಯರು, ರೇಂಜಿನಲ್ಲಿ ಪಕ್ಕದ ಬೆಂಚಿಗೆ ಹೊಸದಾಗಿ ಬಂದು ಕೂತವರು ಕೇಳಿದ ಪ್ರಶ್ನೆಗಳು ಇವು. ನಾನು ಅರಿಜೋನಾದಲ್ಲಿ 100 ಮತ್ತು 200 ಗಜದ ಬೆಂಚ್‌ರೆಸ್ಟ್ ಹೊಡೆಯುತ್ತೇನೆ, 6 ಪಿಪಿಸಿ ತೋಟಾದಲ್ಲಿ. ಹಾಗಾಗಿ ಉತ್ತರಗಳು ಆ ಕಡೆಯಿಂದಲೇ ಬರುತ್ತವೆ. ಬೇಟೆಗೆ ತೋಟಾ ತುಂಬುವವರಿಗೆ ಇದರಲ್ಲಿ ಅರ್ಧ ಬೇಕಾಗುವುದಿಲ್ಲ.

ಬೆಂಚ್‌ರೆಸ್ಟ್ ಅಂದರೆ ಯಾವ ಆಟ?

ಗಟ್ಟಿ ಕಾಂಕ್ರೀಟ್ ಮೇಜು. ಅದರ ಮೇಲೆ ಮುಂದೊಂದು ಸ್ಟ್ಯಾಂಡು, ಹಿಂದೊಂದು ಮರಳಿನ ಚೀಲ, ಎರಡರ ಮೇಲೆ ರೈಫಲ್. ಕೂತು ಹೊಡೆಯಬೇಕು. ಗುಂಡು ಗುರಿಯ ನಟ್ಟನಡುವೆ ಬೀಳಲೇಬೇಕು ಅಂತಿಲ್ಲ. ಐದು ಗುಂಡು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಅನ್ನುವುದಷ್ಟೇ ಲೆಕ್ಕ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವುದನ್ನು ನೋಡಿದವರಿಗೆ ಹೀಗೆ ಹೇಳುತ್ತೇನೆ: ಅಲ್ಲಿ ಕಾಯಿಗೆ ತಾಗಿದರೆ ಗೆದ್ದಿರಿ. ಇಲ್ಲಿ ಮೊದಲ ಗುಂಡು ಮಾಡಿದ ತೂತಿನಲ್ಲೇ ಉಳಿದ ನಾಲ್ಕೂ ಹೋಗಬೇಕು.

ಒಂದು ಪಂದ್ಯಕ್ಕೆ 7 ನಿಮಿಷ. ಲೆಕ್ಕಕ್ಕೆ ಐದು ಗುಂಡು. ಅದರ ಜೊತೆ ಪಕ್ಕದ ಗುರಿಗೆ ಎಷ್ಟು ಬೇಕಾದರೂ ಪರೀಕ್ಷೆಯ ಗುಂಡು ಹೊಡೆದುಕೊಳ್ಳಬಹುದು, ಅದನ್ನು ಸೈಟರ್ ಅನ್ನುತ್ತಾರೆ. ಅತಿ ದೂರ ಬಿದ್ದ ಎರಡು ತೂತುಗಳ ನಡುವಿನ ಅಂತರವನ್ನು ನಡುವಿನಿಂದ ನಡುವಿಗೆ ಅಳೆಯುತ್ತಾರೆ. ಒಟ್ಟಿಗೆ ಲೆಕ್ಕಕ್ಕೆ ಹಿಡಿಯುವ ಈ ಐದು ಗುಂಡಿನ ಗುಂಪೇ ಗ್ರೂಪ್. ಇಂಥ ಐದು ಗ್ರೂಪುಗಳ ಸರಾಸರಿಗೆ ಅಗ್ರಿಗೇಟ್ ಅಂತ ಹೆಸರು. ಲೈಟ್ ವಾರ್ಮಿಂಟ್ ದರ್ಜೆಯಲ್ಲಿ ರೈಫಲ್ಲಿನ ತೂಕ 10.5 ಪೌಂಡು, ಹೆವಿ ವಾರ್ಮಿಂಟ್‌ನಲ್ಲಿ 13.5 ಪೌಂಡು ದಾಟಬಾರದು. ಅಮೆರಿಕದಲ್ಲಿ ಈ ಆಟ ನಡೆಸುವ ಎರಡು ಹಳೆಯ ಸಂಸ್ಥೆಗಳು ಎನ್‌ಬಿಆರ್‌ಎಸ್‌ಎ ಮತ್ತು ಐಬಿಎಸ್. ಮೊದಲನೆಯದು 1951ರದ್ದು, ಎರಡನೆಯದು 1970ರದ್ದು.

ಐದೂ ಒಂದೇ ತೂತಿನಲ್ಲಿ ಹೋದರೆ, ಐದು ಹೊಡೆದಿದ್ದಾರೆ ಅಂತ ಗೊತ್ತಾಗುವುದು ಹೇಗೆ? ಗುರಿಯ ಹಿಂದೆ ಇನ್ನೊಂದು ಕಾಗದದ ಪಟ್ಟಿ ನಿಧಾನವಾಗಿ ಸರಿಯುತ್ತಿರುತ್ತದೆ. ಮುಂದೆ ಒಂದೇ ತೂತು ಕಂಡರೂ ಹಿಂದಿನ ಪಟ್ಟಿಯಲ್ಲಿ ಐದು ತೂತು ಬೇರೆ ಬೇರೆ ಕಾಣುತ್ತವೆ. ಈ ವ್ಯವಸ್ಥೆ ನನಗೆ ತುಂಬಾ ಇಷ್ಟ.

ಎಷ್ಟು ಚಿಕ್ಕ ಗ್ರೂಪ್ ಸಾಧ್ಯ?

1973ರಲ್ಲಿ ಮ್ಯಾಕ್ ಮ್ಯಾಕ್‌ಮಿಲನ್ 100 ಗಜದಲ್ಲಿ 0.009 ಇಂಚಿನ ಗ್ರೂಪ್ ಹೊಡೆದರು. ಆ ದಾಖಲೆ ನಲವತ್ತು ವರ್ಷ ನಿಂತಿತು. 2013ರಲ್ಲಿ ಮೈಕ್ ಸ್ಟಿನೆಟ್ 0.0077 ಇಂಚಿಗೆ ಇಳಿಸಿದರು. ತಲೆಗೂದಲು ಸುಮಾರು 0.003 ಇಂಚು ದಪ್ಪ ಅಂತಿಟ್ಟುಕೊಳ್ಳಿ, ಎರಡೂವರೆ ಕೂದಲಿನಷ್ಟು ಅಂತರ ಅದು.

ಆದರೆ ಒಂದು ಗ್ರೂಪಿನ ಕಥೆ ಬೇರೆ, ದಿನವಿಡೀ ಹೊಡೆಯುವ ಕಥೆ ಬೇರೆ. 0.2 ಇಂಚಿನ ಅಗ್ರಿಗೇಟ್ ಬಂದರೆ ಯಾವ ಪಂದ್ಯದಲ್ಲೂ ಮುಂದಿನ ಸಾಲಿನಲ್ಲಿರುತ್ತೀರಿ. ನಾವು ಕೈಯಲ್ಲಿ ತೋಟಾ ತುಂಬುವುದೆಲ್ಲ ಆ ಸರಾಸರಿಗಾಗಿ.

ಅಂಗಡಿಯಲ್ಲಿ ಸಿಗುವ ತೋಟಾ ಯಾಕೆ ಸಾಲದು?

ನಮ್ಮ ರೈಫಲ್ಲಿನ ಚೇಂಬರ್, ಅಂದರೆ ತೋಟಾ ಕೂರುವ ಗೂಡು, ಅಂಗಡಿ ತೋಟಾಕ್ಕೆ ಅಂತ ಕೊರೆದದ್ದೇ ಅಲ್ಲ. ಬಹಳಷ್ಟು 6 ಪಿಪಿಸಿ ರೈಫಲ್ಲುಗಳ ಚೇಂಬರಿನಲ್ಲಿ ಕೇಸಿನ (ಪೌಡರ್ ತುಂಬುವ ಹಿತ್ತಾಳೆ ಕೋಶ) ಕತ್ತು ಕೂರುವ ಜಾಗ 0.262 ಇಂಚು ಅಗಲ ಇರುತ್ತದೆ. ಕತ್ತನ್ನು ಕೆತ್ತಿ ತೆಳ್ಳಗೆ ಮಾಡದೆ ಅಲ್ಲಿಗೆ ಹೊಂದುವುದಿಲ್ಲ. ದಪ್ಪ ಕತ್ತಿನ ಕೇಸನ್ನು ಒತ್ತಿ ತೂರಿಸಿದರೆ ಗುಂಡನ್ನು ಬಿಟ್ಟುಕೊಡಲು ಕತ್ತಿಗೆ ಜಾಗವಿರುವುದಿಲ್ಲ, ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ.

6 ಪಿಪಿಸಿ ಹುಟ್ಟಿದ್ದೇ ಕೈಕೆಲಸದಿಂದ. 1970ರ ದಶಕದ ನಡುವಿನಲ್ಲಿ ಡಾ. ಲೂಯಿ ಪಾಮಿಸಾನೊ ಅನ್ನುವ ವೈದ್ಯರು ಮತ್ತು ಫೆರಿಸ್ ಪಿಂಡೆಲ್ ಸೇರಿ, .220 ರಷ್ಯನ್ ಅನ್ನುವ ಕೇಸನ್ನು ಬದಲಾಯಿಸಿ ಇದನ್ನು ಮಾಡಿದರು. ಪಿಪಿಸಿ ಅನ್ನುವುದರಲ್ಲಿ ಎರಡು ಪಿ ಆ ಇಬ್ಬರ ಹೆಸರಿನ ಮೊದಲಕ್ಷರಗಳೇ, ಸಿ ಅಂದರೆ ಕಾರ್ಟ್ರಿಜ್, ತೋಟಾ. ಗಿಡ್ಡ, ದಪ್ಪ ಕೇಸು. ತಳದಲ್ಲಿ ಕೂತು ಪೌಡರಿಗೆ ಕಿಡಿ ಹೊತ್ತಿಸುವ ಪ್ರೈಮರ್ ಚಿಕ್ಕದು. ಇವತ್ತಿಗೂ 100-200 ಗಜದ ಪಂದ್ಯಗಳಲ್ಲಿ ಅದೇ ರಾಜ. ಇವತ್ತಿಗೂ ನಾವು .220 ರಷ್ಯನ್ ಹಿತ್ತಾಳೆ ಕೇಸು ತಂದು, ಕತ್ತನ್ನು ಹಿಗ್ಗಿಸಿ, ಕೆತ್ತಿ, ಒಮ್ಮೆ ಹೊಡೆದು ಆಕಾರಕ್ಕೆ ತರುತ್ತೇವೆ.

ಊರಿನಲ್ಲಿ ನಾವೂ ಮನೆಯಲ್ಲಿ ತೋಟಾ ತುಂಬಬಹುದಾ? ಕೊಡವರಿಗೆ ವಿನಾಯಿತಿ ಇದೆಯಲ್ವಾ?

ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ನಿಜ. ಅದು ಕೋವಿ ಇಟ್ಟುಕೊಳ್ಳುವ ವಿಚಾರ. ಅದನ್ನು ತೋಟಾ ತಯಾರಿಸಲು ಸಿಕ್ಕ ಅನುಮತಿ ಅಂದುಕೊಳ್ಳಬೇಡಿ.

ಅಮೆರಿಕದಲ್ಲಿರುವ ನಮ್ಮವರಿಗೂ ಒಂದು ಮಾತು. ಇಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರುವುದಾದರೆ ಬೇಕು. ಆದರೆ ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿಗಳಿವೆ. ಸಹೋದ್ಯೋಗಿ ಕರೆದರು ಅಂತ ಸುಮ್ನೆ ಹೋಗಿ ಸಾಮಾನು ಕೊಂಡುಬಿಡಬೇಡಿ. ಮೊದಲು ವಕೀಲರನ್ನು ಕೇಳಿ. ಇದರಲ್ಲಿ ತಪ್ಪಾದರೆ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು.

ಎಷ್ಟು ಗ್ರೇನ್ ಪೌಡರ್ ಹಾಕುತ್ತೀರಿ?

ಎಲ್ಲರೂ ಮೊದಲು ಕೇಳುವುದು ಇದನ್ನೇ. (ಗ್ರೇನ್ ಅಂದರೆ ಪೌಡರನ್ನೂ ಗುಂಡನ್ನೂ ತೂಗುವ ಸಣ್ಣ ಅಳತೆ.) ಈ ಅಂಕಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ನನ್ನ ಬ್ಯಾರೆಲ್, ನನ್ನ ಕೇಸು, ನನ್ನ ಪೌಡರಿನ ಆ ಡಬ್ಬಿ ಸೇರಿದರೆ ಮಾತ್ರ ಆ ಅಂಕಿಗೆ ಅರ್ಥ. ನಿಮ್ಮ ರೈಫಲ್ಲಿನಲ್ಲಿ ಅದೇ ಅಂಕಿ ಜಾಸ್ತಿಯಾಗಬಹುದು. ಪೌಡರ್ ಕಂಪನಿಯವರು ತಾವೇ ಒತ್ತಡ ಅಳೆದು ಕೈಪಿಡಿ ಪ್ರಕಟಿಸುತ್ತಾರೆ. ಅದರಲ್ಲಿರುವ ಶುರುವಿನ ಅಳತೆಯಿಂದ ಆರಂಭಿಸಿ, ಸ್ವಲ್ಪ ಸ್ವಲ್ಪವೇ ಏರಿಸಿ. ಬೋಲ್ಟ್ (ಚೇಂಬರ್ ಮುಚ್ಚುವ ಅಗುಳಿ) ಎತ್ತುವಾಗ ಬಿಗಿಯಾದರೆ, ಪ್ರೈಮರ್ ಚಪ್ಪಟೆಯಾಗಿ ಅಂಚು ಕಾಣದೆ ಹೋದರೆ, ಕೇಸಿನ ತಳದಲ್ಲಿ ಹೊಳೆಯುವ ಗುರುತು ಬಿದ್ದರೆ ಅಲ್ಲೇ ನಿಲ್ಲಿಸಿ, ಇಳಿಸಿ.

ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಪೌಡರ್ ಡಬ್ಬಿ ಇರಲಿ. ಎರಡು ಪೌಡರು ಬೆರೆತರೆ ಮತ್ತೆ ಬಿಡಿಸಲು ಬರುವುದಿಲ್ಲ, ನೋಡಿದರೆ ಒಂದೇ ತರಹ ಕಾಣುತ್ತವೆ. ಪ್ರೈಮರ್‌ಗಳು ಅವು ಬಂದ ಪೆಟ್ಟಿಗೆಯಲ್ಲೇ ಇರಲಿ. ಕನ್ನಡಕ ಹಾಕಿಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿಡಿ. ಕೆಲಸ ಮುಗಿದ ಮೇಲೆ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಪ್ರೈಮರ್ ಮಸಿಯಲ್ಲಿ ಸೀಸ ಇರುತ್ತದೆ.

ಸರಿ, ನಿಖರತೆಗೆ ಎಲ್ಲಿಂದ ಶುರು ಮಾಡಬೇಕು?

ಕೇಸಿನ ಕತ್ತಿನಿಂದ. ಗುಂಡನ್ನು ಹಿಡಿದಿಟ್ಟುಕೊಳ್ಳುವುದು ಅದು, ಬಿಡುವುದೂ ಅದೇ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಗುಂಡು ಹೊರಡುವಾಗಲೇ ಒಂದು ಪಕ್ಕಕ್ಕೆ ವಾಲುತ್ತದೆ.

0.262 ಚೇಂಬರಿಗೆ ನಾನು ಕತ್ತಿನ ಗೋಡೆಯನ್ನು 0.0085 ಇಂಚಿನ ಆಸುಪಾಸಿಗೆ ಕೆತ್ತುತ್ತೇನೆ. ಲೆಕ್ಕ ಸರಳ. ಗುಂಡು 0.243, ಎರಡು ಕಡೆಯ ಗೋಡೆ ಸೇರಿ 0.017, ಒಟ್ಟು 0.260. ಚೇಂಬರಿನಲ್ಲಿ ಉಳಿಯುವ ಜಾಗ 0.002. ಪೀಣ್ಯದ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡಿದವರ ಭಾಷೆಯಲ್ಲಿ ಎರಡು ಥೌ. ಮುಂದೆ ನಾನೂ ಥೌ ಅಂತಲೇ ಬರೆಯುತ್ತೇನೆ. ಇಂಚಿನ ಸಾವಿರ ಭಾಗದಲ್ಲಿ ಒಂದು.

ಕೆತ್ತುವುದು ಒಂದು ಕೈ ಉಪಕರಣದಿಂದ. ಕೇಸಿನ ಕತ್ತಿನೊಳಗೆ ಒಂದು ಸರಳು ಹೋಗುತ್ತದೆ, ಹೊರಗಿನಿಂದ ಚಿಕ್ಕ ಉಳಿ ತಾಗುತ್ತದೆ. ಸರಳಿಗೆ ಎಣ್ಣೆ ಹಚ್ಚಿ ನಿಧಾನವಾಗಿ ತಿರುಗಿಸಬೇಕು. ಆತುರ ಮಾಡಿದರೆ ಸರಳು ಬಿಸಿಯಾಗಿ ಹಿಗ್ಗುತ್ತದೆ, ಆಗ ಅಳತೆ ಜಾರುತ್ತದೆ. ನಾನು ನಾಲ್ಕು ಕೇಸಿಗೊಮ್ಮೆ ನಿಲ್ಲಿಸಿ, ಆರಲು ಬಿಟ್ಟು, ಮೈಕ್ರೋಮೀಟರಿನಲ್ಲಿ ನೋಡುತ್ತೇನೆ. ಉಳಿಯ ಕೆಳಗಿನಿಂದ ಹಿತ್ತಾಳೆ ಬಂಗಾರದ ಎಳೆಯ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ. ಎಳೆ ಒಂದೇ ಸಮ ಬರುತ್ತಿದ್ದರೆ ಕೈ ಸರಿಯಿದೆ ಅಂತ ಅರ್ಥ. ತುಂಡು ತುಂಡಾದರೆ ಎಣ್ಣೆ ಆರಿದೆ, ಇಲ್ಲವೇ ಉಳಿ ಮೊಂಡಾಗಿದೆ.

ಇಪ್ಪತ್ತು ಕೇಸಿಗೆ ಒಂದು ಸಂಜೆ ಬೇಕು. ಅದೇ ಇಪ್ಪತ್ತು ಕೇಸನ್ನು ಹತ್ತಾರು ಸಲ ಹೊಡೆಯುತ್ತೇವಾದ್ದರಿಂದ ಆ ಸಂಜೆ ದುಬಾರಿ ಅನಿಸುವುದಿಲ್ಲ.

ಹೊಡೆದ ಕೇಸನ್ನು ಎಷ್ಟು ಒತ್ತಿ ಸರಿ ಮಾಡಬೇಕು?

ಆದಷ್ಟು ಕಮ್ಮಿ. ಹೊಡೆದ ಮೇಲೆ ಕೇಸು ನಿಮ್ಮ ಚೇಂಬರಿನ ಅಚ್ಚಾಗಿ ಹಿಗ್ಗಿರುತ್ತದೆ. ಅದರ ಭುಜವನ್ನು, ಅಂದರೆ ಕತ್ತಿನ ಬುಡದ ಇಳಿಜಾರನ್ನು, ಒಂದು ಥೌ ಹಿಂದಕ್ಕೆ ತಳ್ಳಿದರೆ ಸಾಕು, ಬೋಲ್ಟ್ ಸಲೀಸಾಗಿ ಮುಚ್ಚುತ್ತದೆ. ಐದಾರು ಥೌ ತಳ್ಳಿದರೆ ಪ್ರತಿ ಸಲ ಹಿತ್ತಾಳೆ ಎಳೆದು ಎಳೆದು ತಳದ ಹತ್ತಿರ ತೆಳ್ಳಗಾಗುತ್ತದೆ, ಕೊನೆಗೆ ಅಲ್ಲೇ ಬಿರುಕು.

ಕತ್ತಿಗೆ ಬುಷಿಂಗ್ (ಬದಲಾಯಿಸಬಹುದಾದ ಉಂಗುರ) ಇರುವ ಡೈ (ಕೇಸನ್ನು ಒತ್ತಿ ಆಕಾರಕ್ಕೆ ತರುವ ಅಚ್ಚು) ಬಳಸಿ. ಬುಷಿಂಗ್ ಬದಲಾಯಿಸಿದರೆ ಕತ್ತಿನ ಹಿಡಿತ ಬದಲಾಗುತ್ತದೆ. 0.260 ತೋಟಾಕ್ಕೆ 0.259, 0.258, 0.257 ಹೀಗೆ ಮೂರು ಬುಷಿಂಗ್ ಇಟ್ಟುಕೊಂಡರೆ ಸಾಕು. ಯಾವುದು ಒಳ್ಳೆಯದು ಅನ್ನುವುದನ್ನು ಗುರಿಯ ಕಾಗದವೇ ಹೇಳಬೇಕು.

ಪ್ರೈಮರ್?

ಒಳ್ಳೆ ಕಂಪನಿಯದ್ದು ಒಂದನ್ನು ಹಿಡಿದು ಅದರಲ್ಲೇ ಇರಿ. ಫೆಡರಲ್ 205ಎಂ ಆಗಲಿ, ಸಿಸಿಐ ಬಿಆರ್4 ಆಗಲಿ. ಗುಂಡಿಯ ತಳ ಮುಟ್ಟುವವರೆಗೆ ಕೂರಿಸಿ, ಪ್ರತಿಯೊಂದನ್ನೂ ಒಂದೇ ತರಹ. ಪ್ರೈಮರ್‌ಗಳನ್ನು ಒಂದೊಂದಾಗಿ ತೂಗಿ ಬೇರೆ ಮಾಡುವವರನ್ನು ನೋಡಿದ್ದೇನೆ. ಆ ಹೊತ್ತನ್ನು ಗಾಳಿ ಬಾವುಟ ನೋಡುವುದರಲ್ಲಿ ಕಳೆಯಿರಿ ಅನ್ನುವುದು ನನ್ನ ಅಭಿಪ್ರಾಯ.

ಪೌಡರನ್ನು ತೂಗಬೇಕಾ, ಅಳೆದು ಸುರಿದರೆ ಸಾಕಾ?

100 ಗಜದ ಬೆಂಚ್‌ರೆಸ್ಟಿನಲ್ಲಿ ಬಹುತೇಕ ಎಲ್ಲರೂ ಅಳೆದು ಸುರಿಯುತ್ತಾರೆ. ಹಿಡಿಕೆ ತಿರುಗಿಸಿದರೆ ಒಂದೇ ಪ್ರಮಾಣ ಬೀಳುವ ಮೆಷರ್ ಇರುತ್ತದೆ. ಹೊಸಬರಿಗೆ ಇದು ನಂಬಲು ಕಷ್ಟ. ಹಾಗಾಗಿ ಲೆಕ್ಕ ಮಾಡಿ ತೋರಿಸುತ್ತೇನೆ.

ಕೈ ಪಳಗಿದರೆ ಮೆಷರ್ ಗ್ರೇನಿನ ಹತ್ತನೇ ಒಂದು ಭಾಗದಷ್ಟು ಅತ್ತಿತ್ತ ಆಗುತ್ತದೆ. ಅದರಿಂದ ವೇಗದಲ್ಲಿ ಸೆಕೆಂಡಿಗೆ ಸುಮಾರು 20 ಅಡಿ ವ್ಯತ್ಯಾಸ ಬಂತು ಅಂತಿಟ್ಟುಕೊಳ್ಳಿ. ಗುಂಡಿನ ವೇಗ ಸೆಕೆಂಡಿಗೆ 3200 ಅಡಿ. 100 ಗಜ ದಾಟಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ ಹೊತ್ತು. ಆ ಹೊತ್ತಿನಲ್ಲಿ ಗುಂಡು ಸುಮಾರು 1.8 ಇಂಚು ಕೆಳಗಿಳಿಯುತ್ತದೆ. ವೇಗ 20 ಅಡಿ ಬದಲಾದರೆ ಈ ಇಳಿತದಲ್ಲಿ ಬರುವ ವ್ಯತ್ಯಾಸ 0.023 ಇಂಚು. ಅಷ್ಟೇ.

ಈಗ ಗಾಳಿಯನ್ನು ನೋಡಿ. ಗಂಟೆಗೆ 10 ಮೈಲಿ ಅಡ್ಡಗಾಳಿ ನಮ್ಮ 68 ಗ್ರೇನ್ ಗುಂಡನ್ನು 100 ಗಜದಲ್ಲಿ ಮುಕ್ಕಾಲರಿಂದ ಒಂದು ಇಂಚು ಪಕ್ಕಕ್ಕೆ ತಳ್ಳುತ್ತದೆ. ಅಂದರೆ ಬರೀ ಒಂದು ಮೈಲಿ ವ್ಯತ್ಯಾಸಕ್ಕೆ 0.08 ಇಂಚಿನ ಆಸುಪಾಸು. ಕೆನ್ನೆಗೆ ಗೊತ್ತೇ ಆಗದಷ್ಟು ಗಾಳಿ, ಪೌಡರಿನ ತಪ್ಪಿಗಿಂತ ಮೂರು ಪಟ್ಟು ಜಾಸ್ತಿ ಕೆಡಿಸುತ್ತದೆ.

ಇದನ್ನು ಮೊದಲ ಸಲ ಕಾಗದದ ಮೇಲೆ ಬರೆದು ನೋಡಿದ ದಿನ ನನ್ನ ತೋಟಾ ತುಂಬುವ ರೀತಿಯೇ ಬದಲಾಯಿತು. ತೋಟಾದ ಕೆಲಸ ಇಷ್ಟೇ: ಗ್ರೂಪ್ ಕೆಟ್ಟರೆ ಅದಕ್ಕೆ ಕಾರಣ ಗಾಳಿ ಅಥವಾ ನಾನು ಅಂತ ಖಚಿತವಾಗಿ ಗೊತ್ತಾಗುವಷ್ಟು ಒಂದೇ ಸಮ ಇರಬೇಕು. ಅದನ್ನು ದಾಟಿ ಮಾಡುವ ಕೆಲಸಕ್ಕೆ 100 ಗಜದಲ್ಲಿ ಪ್ರತಿಫಲ ಕಾಣುವುದಿಲ್ಲ.

ಸುರಿಯುವಾಗ ಮಾತ್ರ ಒಂದೇ ಲಯ ಬೇಕು. ಹಿಡಿಕೆ ಮೇಲೆ, ಒಂದು ಎಣಿಕೆ ನಿಲ್ಲು, ಕೆಳಗೆ. ಮೆಷರಿನ ಡಬ್ಬಿ ಅರ್ಧಕ್ಕಿಂತ ಖಾಲಿಯಾಗಲು ಬಿಡಬೇಡಿ. ಎಲ್ಲ ಕೇಸಿಗೂ ಸುರಿದ ಮೇಲೆ ಅವುಗಳನ್ನು ನಿಲ್ಲಿಸಿದ ಬ್ಲಾಕನ್ನು ಬೆಳಕಿಗೆ ಓರೆ ಹಿಡಿದು ಒಳಗೆ ಪೌಡರ್ ಮಟ್ಟ ನೋಡಿ. ಒಂದು ಖಾಲಿ ಉಳಿದಿದ್ದರೂ, ಒಂದು ಎತ್ತರ ಇದ್ದರೂ ಕಣ್ಣಿಗೆ ಬೀಳುತ್ತದೆ. ಈ ನೋಟವನ್ನು ಒಮ್ಮೆಯೂ ತಪ್ಪಿಸಬಾರದು.

1000 ಗಜಕ್ಕೂ ಇದೇ ಮಾತಾ?

ಇಲ್ಲ. ಅಲ್ಲಿ ಅದೇ 20 ಅಡಿ ವ್ಯತ್ಯಾಸ ಹಲವು ಇಂಚು ಮೇಲೆ ಕೆಳಗೆ ಮಾಡುತ್ತದೆ. ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿ 1967ರಿಂದ 1000 ಗಜದ ಬೆಂಚ್‌ರೆಸ್ಟ್ ಕ್ಲಬ್ ಇದೆ. ಆ ದೂರಕ್ಕೆ ಹೊಡೆಯುವವರು ಪೌಡರನ್ನು ಒಂದೊಂದು ಕಾಳಿನವರೆಗೆ ತೂಗುತ್ತಾರೆ. ಅವರ ದೂರಕ್ಕೆ ಅದು ಸರಿ.

ಯಾವ ಗುಂಡು?

ಕೈಯಿಂದ ಒತ್ತುವ ಪ್ರೆಸ್ಸಿನಲ್ಲಿ ಸಣ್ಣ ಪ್ರಮಾಣದಲ್ಲಿ ಗುಂಡು ಮಾಡುವವರು ಅಮೆರಿಕದಲ್ಲಿ ಹಲವರಿದ್ದಾರೆ. ಬೆಂಚ್‌ರೆಸ್ಟಿನವರು ಹೆಚ್ಚಾಗಿ ಅವರಿಂದಲೇ ಕೊಳ್ಳುತ್ತಾರೆ. 65ರಿಂದ 68 ಗ್ರೇನ್, ಚಪ್ಪಟೆ ತಳ. ಬ್ಯಾರೆಲ್ ಒಳಗಿನ ಏಣುಗಳ ತಿರುವು 13.5 ಅಥವಾ 14 ಇಂಚಿಗೆ ಒಂದು ಸುತ್ತು. ಗುಂಡಿನ ತೂಕ ಒಂದು ಪಕ್ಕಕ್ಕೆ ಜಾಸ್ತಿಯಾಗಿ ಸಮತೋಲ ತಪ್ಪಿದ್ದರೆ ಯಾವ ತೋಟಾ ಕೆಲಸವೂ ಅದನ್ನು ಉಳಿಸಲಾರದು. ದುಡ್ಡು ಹಾಕುವುದಿದ್ದರೆ ಮೊದಲು ಇಲ್ಲಿಗೆ ಹಾಕಿ.

ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕು?

ನನ್ನ ಅನುಭವದಲ್ಲಿ ಒಂದೇ ಬದಲಾವಣೆಗೆ ಗ್ರೂಪು ಅರ್ಧಕ್ಕೆ ಇಳಿಯುವುದನ್ನು ನೋಡಿದ್ದು ಇಲ್ಲಿ ಮಾತ್ರ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬ್ಯಾರೆಲ್ ಒಳಗೆ ತಿರುಚಿಕೊಂಡು ಹೋಗುವ ಏಣುಗಳಿರುತ್ತವೆ. ಬೋಲ್ಟ್ ಮುಚ್ಚಿದಾಗ ಗುಂಡು ಆ ಏಣಿಗೆ ತಾಗುತ್ತದಾ, ಒತ್ತಿಕೊಂಡಿರುತ್ತದಾ, ಇಲ್ಲ ಸ್ವಲ್ಪ ಹಿಂದೆ ನಿಲ್ಲುತ್ತದಾ ಅನ್ನುವುದೇ ಪ್ರಶ್ನೆ. ಒತ್ತಿಕೊಂಡಿದ್ದರೆ ಜಾಮ್, ಹಿಂದಿದ್ದರೆ ಜಂಪ್. ಕಡಿಮೆ ದೂರದ ಬೆಂಚ್‌ರೆಸ್ಟಿನಲ್ಲಿ ಹೆಚ್ಚಿನವರು ಜಾಮ್ ಕಡೆಯೇ ಇರುತ್ತಾರೆ.

ನಾನು ಮಾಡುವುದು ಹೀಗೆ. ಏಣು ಮೊದಲು ತಾಗುವ ಅಳತೆ ಹುಡುಕಿ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಅಲ್ಲಿಂದ ಮೂರು ಮೂರು ಥೌ ಬದಲಾಯಿಸುತ್ತಾ ಗ್ರೂಪ್ ಹೊಡೆಯುತ್ತೇನೆ. ಆ ಹೊತ್ತಿನಲ್ಲಿ ಪೌಡರು, ಬುಷಿಂಗ್, ಪ್ರೈಮರ್ ಯಾವುದನ್ನೂ ಮುಟ್ಟುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರ್ನಾಲ್ಕು ಅಳತೆಗಳಲ್ಲಿ ಗ್ರೂಪ್ ದುಂಡಗೆ, ಚಿಕ್ಕದಾಗಿ ಬರುವ ಒಂದು ಜಾಗ ಸಿಗುತ್ತದೆ. ಅದರ ನಡುವನ್ನು ಆರಿಸಿಕೊಳ್ಳುತ್ತೇನೆ, ಅಂಚನ್ನಲ್ಲ. ಅಂಚಿನಲ್ಲಿ ಇವತ್ತು ಚೆನ್ನಾಗಿ ಬಂದರೂ ನಾಳೆಯ ಬಿಸಿಲಿಗೆ ಜಾರುತ್ತದೆ.

ಎರಡು ಎಚ್ಚರಿಕೆ. ಜಂಪ್‌ನಿಂದ ಜಾಮ್‌ಗೆ ಬಂದರೆ ಒತ್ತಡ ಏರುತ್ತದೆ, ಪೌಡರ್ ಇಳಿಸಿ ಮತ್ತೆ ಶುರು ಮಾಡಿ. ಇನ್ನೊಂದು, ಜಾಮ್ ಮಾಡಿದ ತೋಟಾವನ್ನು ಹೊಡೆಯದೆ ಹೊರಗೆ ತೆಗೆದರೆ ಗುಂಡು ಬ್ಯಾರೆಲ್ಲಿನಲ್ಲೇ ಉಳಿದು ಕೇಸು ಮಾತ್ರ ಈಚೆ ಬರಬಹುದು. ಪೌಡರೆಲ್ಲ ಬೋಲ್ಟ್ ಇರುವ ಜಾಗದೊಳಗೆ ಚೆಲ್ಲುತ್ತದೆ. ಹಾಗಾದರೆ ಇನ್ನೊಂದು ತೋಟಾವನ್ನು ತಪ್ಪಿಯೂ ಹಾಕಬೇಡಿ. ರೇಂಜ್ ಅಧಿಕಾರಿಗೆ ಹೇಳಿ, ಸರಳು ಹಾಕಿ ಗುಂಡನ್ನು ಹೊರಗೆ ತಳ್ಳಿ.

ಅದೇ ಅಳತೆ ಇಟ್ಟರೂ ಗ್ರೂಪ್ ಒಮ್ಮೆಗೇ ಕೆಟ್ಟಿತು. ಯಾಕೆ?

ಗುಂಡಿನ ಹೊಸ ಪೆಟ್ಟಿಗೆ ತೆರೆದಿರಾ? ನನಗೂ ಆಗಿತ್ತು. ಒಂದು ಸೀಸನ್ ಪೂರ್ತಿ ಚೆನ್ನಾಗಿ ಹೊಡೆಯುತ್ತಿದ್ದ ರೈಫಲ್ ಒಂದು ಭಾನುವಾರ 0.4 ಇಂಚು ಹೊಡೆಯಲು ಶುರು ಮಾಡಿತು. ಸ್ಕೋಪ್ ಬಿಚ್ಚಿ ಕಟ್ಟಿದೆ, ಆ್ಯಕ್ಷನ್ ಸ್ಕ್ರೂ ನೋಡಿದೆ, ಬ್ಯಾರೆಲ್ ಮುಗಿಯಿತೇನೋ ಅಂದುಕೊಂಡೆ. ಎರಡು ವಾರ ಹೋಯಿತು. ಕೊನೆಗೆ ಹಳೇ ಪೆಟ್ಟಿಗೆಯಲ್ಲಿ ಉಳಿದಿದ್ದ ಏಳು ಗುಂಡನ್ನೂ ಹೊಸ ಪೆಟ್ಟಿಗೆಯ ಏಳು ಗುಂಡನ್ನೂ ಪಕ್ಕಪಕ್ಕ ಅಳೆದೆ. ತಳದಿಂದ ಮೂತಿ ಬಾಗಲು ಶುರುವಾಗುವ ಜಾಗದವರೆಗಿನ ಉದ್ದ, ಅದನ್ನು ಓಜೈವ್ ಅಳತೆ ಅನ್ನುತ್ತೇವೆ, ಹೊಸದರಲ್ಲಿ ಒಂಬತ್ತು ಥೌ ಬೇರೆ ಇತ್ತು. ನಾನು ಡೈಯನ್ನು ಮುಟ್ಟಿರಲಿಲ್ಲ, ಆದರೆ ಗುಂಡು ಏಣಿಗೆ ತಾಗುವ ಜಾಗ ಬದಲಾಗಿಹೋಗಿತ್ತು. ಡೈಯನ್ನು ಅಷ್ಟೇ ಸರಿಸಿದೆ. ಮರುವಾರ ಗ್ರೂಪ್ ವಾಪಸ್ ಬಂತು.

ಅವತ್ತಿನಿಂದ ಒಂದೇ ಲಾಟಿನ ಗುಂಡನ್ನು ಸಾಧ್ಯವಾದಷ್ಟು ಜಾಸ್ತಿ ಕೊಳ್ಳುತ್ತೇನೆ. ಪ್ರತಿ ಹೊಸ ಪೆಟ್ಟಿಗೆಯಿಂದ ಹತ್ತು ಗುಂಡು ಅಳೆದು ಮುಚ್ಚಳದ ಮೇಲೆ ಅಂಕಿ ಬರೆಯುತ್ತೇನೆ. ಗುಂಡಿನ ತುದಿಯಿಂದ ಅಳೆಯಬೇಡಿ. ತುದಿ ಯಾವತ್ತೂ ಒಂದೇ ಸಮ ಇರುವುದಿಲ್ಲ, ಅದು ಏಣಿಗೆ ತಾಗುವುದೂ ಇಲ್ಲ.

ಗುಂಡು ಕೂರಿಸಲು ದೊಡ್ಡ ಪ್ರೆಸ್ ಬೇಕಾ?

ಬೇಡ. ಸಣ್ಣ ಆರ್ಬರ್ ಪ್ರೆಸ್ ಮತ್ತು ನೆಟ್ಟಗೆ ಕೂರುವ ಕೈ ಡೈ ಸಾಕು. ಅದರ ದೊಡ್ಡ ಲಾಭ ಅಂದರೆ ಅಂಗೈಗೆ ಸುದ್ದಿ ಬರುತ್ತದೆ. ಹಿಡಿಕೆ ಒತ್ತುವಾಗ ಗುಂಡು ಕತ್ತಿನೊಳಗೆ ಜಾರುವುದು ಗೊತ್ತಾಗುತ್ತದೆ. ಹದಿನೈದರಲ್ಲಿ ಹದಿಮೂರು ಒಂದೇ ಬಲಕ್ಕೆ ಹೋಗುತ್ತವೆ. ಹದಿನಾಲ್ಕನೆಯದು ಬೆಣ್ಣೆಯೊಳಗೆ ಹೋದ ಹಾಗೆ ಹೋಗುತ್ತದೆ, ಇಲ್ಲವೇ ಕಿರ್ ಅಂತ ಹಿಡಿದು ಹೋಗುತ್ತದೆ. ಅಂಥದ್ದರ ತಳಕ್ಕೆ ಕಪ್ಪು ಮಾರ್ಕರಿನಲ್ಲಿ ಒಂದು ಚುಕ್ಕೆ ಇಟ್ಟು ಪಕ್ಕಕ್ಕಿಡುತ್ತೇನೆ. ಅದು ಸೈಟರ್‌ಗೆ, ಲೆಕ್ಕದ ಐದಕ್ಕೆ ಸೇರುವುದಿಲ್ಲ. ಒಂದೇ ಕೇಸು ಮೂರು ಸಲ ಚುಕ್ಕೆ ತಗೊಂಡರೆ ಅದು ಡಬ್ಬಿಯಿಂದ ಹೊರಗೆ.

ಮೂರು ಗುಂಡಿನ ಗ್ರೂಪ್ 0.1 ಬಂತು. ಸಿಕ್ಕಿತು ಅಂತ ಅರ್ಥವಾ?

ಇನ್ನೂ ಇಲ್ಲ. ಮೂರು ಗುಂಡಿನ ಗ್ರೂಪ್ ಸಾಮಾನ್ಯವಾಗಿ ಐದರದ್ದಕ್ಕಿಂತ ಚಿಕ್ಕದಾಗಿಯೇ ಕಾಣುತ್ತದೆ. ಸರಾಸರಿಯಲ್ಲಿ ಐದು ಗುಂಡಿನ ಗ್ರೂಪಿನ ಮುಕ್ಕಾಲು ಭಾಗಕ್ಕಿಂತ ತುಸು ಜಾಸ್ತಿ. ಐದರಲ್ಲೂ ಏರಿಳಿತ ದೊಡ್ಡದು. ಸರಾಸರಿ 0.25 ಹೊಡೆಯುವ ರೈಫಲ್ ಏನೂ ಬದಲಾಯಿಸದೆ ಒಮ್ಮೆ 0.15, ಇನ್ನೊಮ್ಮೆ 0.35 ಹೊಡೆದರೆ ಅದು ಮಾಮೂಲು. 0.15 ಬಂದ ಕಾಗದವನ್ನು ಗೋಡೆಗೆ ಅಂಟಿಸಿ, 0.35 ಬಂದದ್ದಕ್ಕೆ ತೋಟಾ ಬದಲಾಯಿಸಿದರೆ ವರ್ಷವಿಡೀ ಸುತ್ತುತ್ತಲೇ ಇರುತ್ತೀರಿ. ಎರಡು ತೋಟಾಗಳ ನಡುವೆ ತೀರ್ಮಾನ ಮಾಡಲು ನನಗೆ ಕನಿಷ್ಠ ನಾಲ್ಕೈದು ಗ್ರೂಪ್ ಬೇಕು, ಎರಡು ಬೇರೆ ದಿನಗಳಲ್ಲಿ.

ಗ್ರೂಪಿನ ಆಕಾರ ನೋಡಿ ಏನಾದರೂ ಹೇಳಬಹುದಾ?

ಬಹಳಷ್ಟು. ಅಡ್ಡಕ್ಕೆ ಹರಡಿದ್ದರೆ ಮೊದಲು ಗಾಳಿಯನ್ನೇ ಅನುಮಾನಿಸಿ. ಬಾವುಟ ಇಲ್ಲದೆ ತೋಟಾ ಪರೀಕ್ಷೆ ಮಾಡುವುದು ಕಣ್ಣು ಕಟ್ಟಿಕೊಂಡು ಮಾಡಿದ ಹಾಗೆ. ಬೆಂಚಿನಿಂದ ಗುರಿಯವರೆಗೆ ಮೂರು ನಾಲ್ಕು ನೆಡಿ. ಬಟ್ಟೆ ರಿಬ್ಬನ್ ಕಟ್ಟಿದ ಕೋಲಾದರೂ ಸಾಕು.

ಉದ್ದಕ್ಕೆ, ಮೇಲೆ ಕೆಳಗೆ ಹರಡಿದ್ದರೆ ತೋಟಾ ಕಡೆ ತಿರುಗಿ. ಪೌಡರ್ ಪ್ರಮಾಣ ಆ ಬ್ಯಾರೆಲ್ಲಿನ ಕಂಪನಕ್ಕೆ ಹೊಂದುತ್ತಿಲ್ಲ, ಇಲ್ಲ ಕತ್ತಿನ ಹಿಡಿತ ಒಂದೇ ಸಮ ಇಲ್ಲ. ಅದಕ್ಕೂ ಮುಂಚೆ ಹಿಂದಿನ ಮರಳಿನ ಚೀಲ ಗಟ್ಟಿಯಾಗಿದೆಯಾ ನೋಡಿ. ಚೀಲ ಸಡಿಲವಾಗಿದ್ದರೆ ಒಳ್ಳೆ ತೋಟಾವೂ ಉದ್ದಕ್ಕೆ ಹರಡುತ್ತದೆ. ನಾಲ್ಕು ಒಟ್ಟಿಗೆ, ಒಂದು ಮಾತ್ರ ದೂರ ಬಿದ್ದರೆ ಆ ಒಂದು ಕೇಸನ್ನು ಗುರುತಿಟ್ಟು ಮತ್ತೆ ಹೊಡೆಯಿರಿ. ಅದೇ ಕೇಸು ಮತ್ತೆ ಹೊರಗೆ ಹೋದರೆ ಕಳ್ಳ ಸಿಕ್ಕ.

ಮನೆಯಲ್ಲೇ ತುಂಬಿಕೊಂಡು ಹೋಗಬಾರದಾ? ರೇಂಜಿಗೆ ಸಾಮಾನು ಹೊತ್ತೊಯ್ಯುವುದು ಯಾಕೆ?

ಹವೆ ಬದಲಾಗುತ್ತದೆ, ಅದಕ್ಕೆ. ಫೀನಿಕ್ಸಿನಲ್ಲಿ ಫೆಬ್ರವರಿ ಬೆಳಿಗ್ಗೆ ಎಂಟಕ್ಕೆ ಜಾಕೆಟ್ ಬೇಕು, ಮಧ್ಯಾಹ್ನ ಎರಡಕ್ಕೆ ಅಂಗಿ ಸಾಕು. ನಾವು ಬಳಸುವ ಫಿನ್ಲೆಂಡಿನ ವಿಹ್ತಾವುವೊರಿ ಎನ್133 ಪೌಡರ್ ಅಷ್ಟು ಬದಲಾವಣೆಗೆ ತಕ್ಷಣ ಸ್ಪಂದಿಸುತ್ತದೆ. ಬೆಳಿಗ್ಗೆ ಚುಕ್ಕಿಯ ಹಾಗೆ ಬಂದ ಗ್ರೂಪ್ ಮಧ್ಯಾಹ್ನ ಉದ್ದವಾಗುತ್ತದೆ. ಆಗ ಮೆಷರನ್ನು ಒಂದೆರಡು ಕ್ಲಿಕ್ ತಿರುಗಿಸಿ ಅಲ್ಲೇ ಹೊಸದಾಗಿ ತುಂಬಿಕೊಳ್ಳುತ್ತೇವೆ, ನಿಮ್ಮ ರೈಫಲ್ಲಿಗೆ ನೀವು ಕಂಡುಕೊಂಡ ಸುರಕ್ಷಿತ ಮಿತಿಯೊಳಗೆ. ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆ ಸಿಕ್ಕರೆ ಹದಿನೈದು ತೋಟಾ ಆಗುತ್ತದೆ. ಅದಕ್ಕೇ ಬೆಂಚ್‌ರೆಸ್ಟಿನವರ ಹತ್ತಿರ ಇನ್ನೂರು ಕೇಸು ಇರುವುದಿಲ್ಲ, ಚೆನ್ನಾಗಿ ಗೊತ್ತಿರುವ ಹದಿನೈದಿಪ್ಪತ್ತು ಇರುತ್ತವೆ.

ಊರಿನ ರೈಫಲ್ ಕ್ಲಬ್ಬಿನಲ್ಲಿ .22 ಹೊಡೆಯುತ್ತೇನೆ. ನನಗೆ ಇದರಿಂದ ಏನು ಉಪಯೋಗ?

.22 ರಿಮ್‌ಫೈರ್ ತೋಟಾವನ್ನು ಮತ್ತೆ ತುಂಬಲು ಬರುವುದಿಲ್ಲ, ಅದರ ಪ್ರೈಮರ್ ಮಸಾಲೆ ಕೇಸಿನ ಅಂಚಿನೊಳಗೇ ಇರುತ್ತದೆ. ನಿಮ್ಮ ದಾರಿ ಲಾಟ್ ಪರೀಕ್ಷೆ. ಒಂದೇ ಬ್ರ್ಯಾಂಡಿನ ಬೇರೆ ಬೇರೆ ಲಾಟ್ ತಂದು, ಬೆಂಚಿನ ಮೇಲಿಂದ ಪ್ರತಿಯೊಂದರಲ್ಲೂ ಹಲವು ಗ್ರೂಪ್ ಹೊಡೆದು, ನಿಮ್ಮ ಬ್ಯಾರೆಲ್ಲಿಗೆ ಹೊಂದಿದ ಲಾಟನ್ನೇ ಜಾಸ್ತಿ ಕೊಳ್ಳಿ. ಗ್ರೂಪ್ ಎಣಿಸುವ ಬಗ್ಗೆ, ಗಾಳಿಯ ಬಗ್ಗೆ ಮೇಲೆ ಹೇಳಿದ್ದೆಲ್ಲ ನಿಮಗೂ ಹಾಗೇ ಅನ್ವಯಿಸುತ್ತದೆ.

ಬ್ಯಾರೆಲ್ ಎಷ್ಟು ಸಲ ತೊಳೆಯಬೇಕು? ಎಷ್ಟು ದಿನ ಬಾಳುತ್ತದೆ?

ನಾನು ಪ್ರತಿ ಪಂದ್ಯದ ಮೇಲೂ ತೊಳೆಯುತ್ತೇನೆ, ಅಂದರೆ ಹದಿನೈದಿಪ್ಪತ್ತು ಗುಂಡಿಗೊಮ್ಮೆ. ಹಿಂದಿನಿಂದ ಬೋರ್ ಗೈಡ್ (ಸರಳು ನೆಟ್ಟಗೆ ಹೋಗಲು ಹಾಕುವ ಕೊಳವೆ) ಹಾಕಿ, ದ್ರಾವಣ ಹಚ್ಚಿದ ಬಟ್ಟೆ ತುಂಡು, ಕಂಚಿನ ಬ್ರಷ್ ಕೆಲವು ಸಲ, ಮತ್ತೆ ಒಣ ಬಟ್ಟೆ. ಗೈಡ್ ಇಲ್ಲದೆ ಸರಳು ತೂರಿಸಿದರೆ ಏಣಿನ ಅಂಚು ಸವೆಯುತ್ತದೆ. ತೊಳೆದ ಮೇಲೆ ಮೊದಲ ಒಂದೆರಡು ಗುಂಡು ಸೈಟರ್‌ಗೆ ಹೋಗಬೇಕು.

6 ಪಿಪಿಸಿ ಬ್ಯಾರೆಲ್ಲಿನ ಪಂದ್ಯದ ಆಯಸ್ಸು ಸುಮಾರು ಸಾವಿರ ಗುಂಡು, ಕೆಲವು ಇನ್ನೂ ಸ್ವಲ್ಪ ಬರುತ್ತವೆ. ಅಷ್ಟಾದ ಮೇಲೂ ಅದು ಬೇಟೆ ರೈಫಲ್ಲುಗಳನ್ನು ನಾಚಿಸುವ ಹಾಗೆ ಹೊಡೆಯುತ್ತದೆ, ಆದರೆ 0.2 ಹೋಗಿ 0.3 ಆಗಿರುತ್ತದೆ. ಯಾವ ಗುಂಡು, ಯಾವ ಪೌಡರ್ ಹಾಕಿದರೂ ಕೆಳಗಿಳಿಯುವುದಿಲ್ಲ. ಹಾಗೆ ಮುಗಿದ ಎರಡು ಸ್ಟೇನ್‌ಲೆಸ್ ಬ್ಯಾರೆಲ್ ನಮ್ಮ ಹಿತ್ತಲಲ್ಲಿ ಟೊಮೆಟೊ ಬಳ್ಳಿಗೆ ಆಸರೆಯಾಗಿ ನಿಂತಿವೆ. ಹೊಸ ಬ್ಯಾರೆಲ್ ತಿರುಗಿಸಿ ಹಾಕಿದ ದಿನ ನೋಟ್‌ಬುಕ್‌ನಲ್ಲಿ ಹೊಸ ಪುಟ. ಮೊದಲ ಸಾಲು ಬ್ಯಾರೆಲ್ಲಿನ ನಂಬರು. ಎರಡನೆಯದು ಏಣು ತಾಗುವ ಅಳತೆ.